ಹರಿದು ಬಿದ್ದ ರೈಲು ತಂತಿಯಲ್ಲಿ ಕರೆಂಟು ತಾನಾಗಿ ನಿಲ್ಲುತ್ತದೆಯೇ?

ಓದುಗರ ಪ್ರಶ್ನೆ: ಅರಸೀಕೆರೆಯಿಂದ ಬೀರೂರಿನ ಕಡೆಗೆ ಹೋಗುವ ರೈಲು ಮಾರ್ಗ ನಮ್ಮ ತೆಂಗಿನ ತೋಟದ ಬೇಲಿಗೆ ಹೊಂದಿಕೊಂಡೇ ಇದೆ. ಮಳೆಗಾಳಿಗೆ ಮರ ಉರುಳಿ, ಹಳಿಯ ಮೇಲಿನ ವಿದ್ಯುತ್ ತಂತಿ ಹರಿದು ಬಿದ್ದರೆ, ಮನೆಯ ಎಂಸಿಬಿ ಬೀಳುವ ಹಾಗೆ ಅಲ್ಲಿಯೂ ಕರೆಂಟು ತಾನಾಗಿ ನಿಂತುಹೋಗುತ್ತದೆಯೇ? ನಿಂತ ಮೇಲೆ ಬಿದ್ದ ಮರವನ್ನು ನಾವೇ ಎಳೆದು ಹಾಕಬಹುದೇ?

ಉತ್ತರ: ಬಹುತೇಕ ಸಂದರ್ಭಗಳಲ್ಲಿ ಕರೆಂಟು ತಾನಾಗಿ ನಿಲ್ಲುತ್ತದೆ, ಅದೂ ಕಣ್ಣು ಮಿಟುಕಿಸುವಷ್ಟರಲ್ಲಿ. ಆದರೂ ಮರವನ್ನು ನೀವು ಮುಟ್ಟಲೇಬಾರದು. ಈ ಎರಡು ಮಾತುಗಳು ಹೇಗೆ ಒಟ್ಟಿಗೆ ನಿಲ್ಲುತ್ತವೆ ಎಂಬುದು ತಿಳಿಯಬೇಕಾದರೆ, ಕರೆಂಟನ್ನು ನಿಲ್ಲಿಸುವ ಆ ಸ್ವಯಂಚಾಲಿತ ಸ್ವಿಚ್ಚು ಏನನ್ನು ನೋಡಿ ತೀರ್ಮಾನಿಸುತ್ತದೆ, ಏನನ್ನು ನೋಡಲಾರದು ಎಂಬುದನ್ನು ಸ್ವಲ್ಪ ವಿವರವಾಗಿ ತಿಳಿದುಕೊಳ್ಳಬೇಕು.

ನಿಮ್ಮ ತೋಟದ ಪಕ್ಕದ ತಂತಿಯಲ್ಲಿರುವುದು 25 ಕಿಲೋವೋಲ್ಟ್, ಅಂದರೆ 25,000 ವೋಲ್ಟ್. ಮನೆಯ 230 ವೋಲ್ಟಿಗಿಂತ ಇದು ನೂರು ಪಟ್ಟಿಗೂ ಹೆಚ್ಚು. ಬೆಂಗಳೂರು–ಧಾರವಾಡ ವಂದೇ ಭಾರತ್ ಸೇರಿದಂತೆ ಈ ಮಾರ್ಗದ ವಿದ್ಯುತ್ ರೈಲುಗಳು ಚಾವಣಿಯ ಮೇಲೆ ತಂತಿಗೆ ಒತ್ತಿ ನಿಲ್ಲುವ ಪ್ಯಾಂಟೊಗ್ರಾಫ್ ಎಂಬ ಚೌಕಟ್ಟಿನ ಮೂಲಕ ಇದೇ ತಂತಿಯಿಂದ ಕರೆಂಟು ಎಳೆಯುತ್ತವೆ. ಎಂಜಿನ್ನಿನಲ್ಲಿ ಕೆಲಸ ಮುಗಿಸಿದ ಕರೆಂಟು ಚಕ್ರದ ಮೂಲಕ ಹಳಿಗಿಳಿದು, ಹಳಿಯಿಂದಲೂ ನೆಲದಿಂದಲೂ ಸಬ್‌ಸ್ಟೇಷನ್ನಿಗೆ ಮರಳುತ್ತದೆ. ರೈಲ್ವೆಯ ಈ ಸಬ್‌ಸ್ಟೇಷನ್‌ಗಳು ಸಾಮಾನ್ಯವಾಗಿ 40ರಿಂದ 60 ಕಿಲೋಮೀಟರಿಗೆ ಒಂದರಂತೆ ಇರುತ್ತವೆ. ಅಲ್ಲಿಂದ ತಂತಿಗೆ ಹೊರಡುವ ಪ್ರತಿಯೊಂದು ಫೀಡರಿನ ಬಾಯಲ್ಲಿ ಒಂದು ಸರ್ಕ್ಯೂಟ್ ಬ್ರೇಕರ್ ಇರುತ್ತದೆ. ನೀವು ಕೇಳಿದ ಸ್ವಿಚ್ಚು ಇದೇ.

ಇಷ್ಟು ವೋಲ್ಟೇಜಿನಲ್ಲಿ ಕರೆಂಟನ್ನು ಕಡಿಯುವುದು ಸುಲಭದ ಕೆಲಸವಲ್ಲ. ಎರಡು ಲೋಹದ ತುದಿಗಳನ್ನು ದೂರ ಸರಿಸಿದ ಮಾತ್ರಕ್ಕೆ ಕರೆಂಟು ನಿಲ್ಲುವುದಿಲ್ಲ. ನಡುವಿನ ಗಾಳಿಯಲ್ಲೇ ಬೆಂಕಿಯ ಎಳೆಯೊಂದು ಹುಟ್ಟಿ ಅದರ ಮೂಲಕ ಹರಿಯುತ್ತಲೇ ಇರುತ್ತದೆ. ಆದ್ದರಿಂದ ಇಂದಿನ ಬ್ರೇಕರ್‌ಗಳಲ್ಲಿ ಈ ತುದಿಗಳನ್ನು ಗಾಳಿಯನ್ನೆಲ್ಲ ತೆಗೆದು ಮುಚ್ಚಿದ ಕೊಳವೆಯೊಂದರೊಳಗೆ ಇಟ್ಟಿರುತ್ತಾರೆ. ನಮ್ಮ ವಿದ್ಯುತ್ ಪ್ರವಾಹ ಸೆಕೆಂಡಿಗೆ 50 ಬಾರಿ ಹಿಂದೆಮುಂದೆ ಹರಿಯುವುದರಿಂದ ಸೆಕೆಂಡಿಗೆ 100 ಬಾರಿ ಅದು ಸೊನ್ನೆಯಾಗುತ್ತದೆ. ಹಾಗೆ ಸೊನ್ನೆಯಾದ ಗಳಿಗೆಯಲ್ಲಿ ಬೆಂಕಿಯ ಎಳೆ ಆರುತ್ತದೆ, ನಿರ್ವಾತದಲ್ಲಿ ಮತ್ತೆ ಹೊತ್ತಿಕೊಳ್ಳಲು ಅದಕ್ಕೆ ಏನೂ ಸಿಗುವುದಿಲ್ಲ. ದೋಷವನ್ನು ಗುರುತಿಸುವುದರಿಂದ ಹಿಡಿದು ಕರೆಂಟು ಪೂರ್ತಿ ನಿಲ್ಲುವವರೆಗೆ ಹಿಡಿಯುವ ಸಮಯ ಒಂದು ಸೆಕೆಂಡಿನ ಹತ್ತನೆಯ ಒಂದು ಪಾಲಿನ ಆಸುಪಾಸು. ಒಂದೇ ದಿಕ್ಕಿನಲ್ಲಿ ಹರಿಯುವ ಡಿಸಿ ಕರೆಂಟಿಗೆ ಈ ಸೊನ್ನೆಯ ಗಳಿಗೆ ಎಂಬುದೇ ಇಲ್ಲ. 1925ರ ಫೆಬ್ರವರಿ 3ರಂದು ಮುಂಬಯಿಯಲ್ಲಿ ಓಡಿದ ದೇಶದ ಮೊದಲ ವಿದ್ಯುತ್ ರೈಲು 1,500 ವೋಲ್ಟ್ ಡಿಸಿಯದು. ಬೆಂಗಳೂರಿನ ನಮ್ಮ ಮೆಟ್ರೊ ಇಂದಿಗೂ 750 ವೋಲ್ಟ್ ಡಿಸಿಯಲ್ಲೇ ಓಡುತ್ತದೆ. ಅಂಥ ಕಡೆ ಬೆಂಕಿಯ ಎಳೆಯನ್ನು ಬಲವಂತವಾಗಿ ಉದ್ದಕ್ಕೆ ಎಳೆದು, ತುಂಡರಿಸಿ, ತಣಿಸುವ ಬೇರೆ ಬಗೆಯ ಬ್ರೇಕರ್‌ಗಳು ಬೇಕಾಗುತ್ತವೆ.

ಬ್ರೇಕರ್ ಕೈಯಿದ್ದ ಹಾಗೆ, ತಾನಾಗಿ ಏನನ್ನೂ ತೀರ್ಮಾನಿಸದು. ತೀರ್ಮಾನ ರಿಲೇ ಎಂಬ ಉಪಕರಣದ್ದು, ನಿಮ್ಮ ಪ್ರಶ್ನೆಯ ತಿರುಳೂ ಅಲ್ಲೇ ಇದೆ. ಮನೆಯ ಎಂಸಿಬಿಯ ಲೆಕ್ಕ ಸರಳ: ಇಷ್ಟು ಆಂಪಿಯರ್ ಮೀರಿದರೆ ಬೀಳು. ರೈಲು ಮಾರ್ಗದಲ್ಲಿ ಈ ಲೆಕ್ಕವೊಂದೇ ಸಾಲದು. ಸುಮಾರು ಆರು ಸಾವಿರ ಅಶ್ವಶಕ್ತಿಯ ಒಂದು ಎಂಜಿನ್ ಪೂರ್ಣ ಬಲದಲ್ಲಿ ಎಳೆಯುವಾಗ 200 ಆಂಪಿಯರ್‌ನಷ್ಟು ಕರೆಂಟು ಬೇಕು. ಒಂದೇ ಫೀಡರಿನ ಮೇಲೆ ಮೂರು ರೈಲುಗಳು ಒಟ್ಟಿಗೆ ಹೊರಟರೆ 600 ಆಂಪಿಯರ್ ಆಯಿತು. ಇನ್ನೊಂದು ಕಡೆ, ಸಬ್‌ಸ್ಟೇಷನ್ನಿನಿಂದ ಬಲು ದೂರದಲ್ಲಿ ತಂತಿ ಹಳಿಗೆ ತಗುಲಿದರೆ, ನಡುವಿನ ತಂತಿಯ ಉದ್ದವೇ ಅಡ್ಡ ಬಂದು, ದೋಷದ ಕರೆಂಟು ನಾವು ಊಹಿಸಿದಷ್ಟು ಜೋರಾಗಿ ಹರಿಯದೇ ಇರಬಹುದು. ಬರೀ ಆಂಪಿಯರ್ ನೋಡಿಕೊಂಡು ಕೂತರೆ ಒಳ್ಳೆಯ ರೈಲು ಸುಮ್ಮನೆ ನಿಂತೀತು, ಇಲ್ಲವೇ ಕೆಟ್ಟ ದೋಷ ತಪ್ಪಿಸಿಕೊಂಡೀತು.

ಅದಕ್ಕಾಗಿ ಇಲ್ಲಿ ಡಿಸ್ಟೆನ್ಸ್ ರಿಲೇ ಬಳಸುತ್ತಾರೆ. ಇದು ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿ, ತನ್ನ ಮುಂದೆ ಎಷ್ಟು ಓಮ್ ತಡೆ ಇದೆ ಎಂದು ಸದಾ ಲೆಕ್ಕ ಹಾಕುತ್ತಿರುತ್ತದೆ. 200 ಆಂಪಿಯರ್ ಎಳೆಯುವ ರೈಲು ಈ ರಿಲೇಗೆ 125 ಓಮ್ ಆಗಿ ಕಾಣುತ್ತದೆ. ಮೂರು ರೈಲು ಸೇರಿದರೆ ಸುಮಾರು 42 ಓಮ್. ಮೇಲಿನ ತಂತಿ ಮತ್ತು ಹಳಿ ಸೇರಿದ ಮಾರ್ಗದ ತಡೆ ಕಿಲೋಮೀಟರಿಗೆ ಅರ್ಧ ಓಮ್‌ಗಿಂತ ಕಡಿಮೆ. ಹಾಗಾಗಿ 10 ಕಿಲೋಮೀಟರ್ ಆಚೆ ತಂತಿ ನೇರವಾಗಿ ಹಳಿಗೆ ಬಿದ್ದರೆ ರಿಲೇಗೆ ಕಾಣುವುದು 5 ಓಮ್‌ಗಿಂತ ಕಡಿಮೆ, 30 ಕಿಲೋಮೀಟರ್ ಆಚೆ ಬಿದ್ದರೂ 15 ಓಮ್ ದಾಟುವುದಿಲ್ಲ. ಇದರ ಜೊತೆಗೆ ವೋಲ್ಟೇಜಿಗೂ ಕರೆಂಟಿಗೂ ನಡುವಿನ ಕೋನವನ್ನೂ ರಿಲೇ ಗಮನಿಸುತ್ತದೆ. ದೋಷವಾದಾಗ ಕರೆಂಟು ವೋಲ್ಟೇಜಿಗಿಂತ ಸುಮಾರು 70 ಡಿಗ್ರಿ ಹಿಂದೆ ಬೀಳುತ್ತದೆ. ರೈಲು ಎಳೆಯುವಾಗ ಅಷ್ಟು ಹಿಂದೆ ಬೀಳುವುದಿಲ್ಲ, ಹೊಸ ಮಾದರಿಯ ಎಂಜಿನ್‌ಗಳಲ್ಲಂತೂ ಎರಡೂ ಬಹುತೇಕ ಜೊತೆಯಾಗಿಯೇ ಸಾಗುತ್ತವೆ. ಕಂಬದ ಇನ್ಸುಲೇಟರ್ ಒಡೆದಾಗ, ಮರದ ಭಾರಕ್ಕೆ ತಂತಿ ಜಗ್ಗಿ ಹಳಿಗೋ ಹಳಿಗೆ ಜೋಡಿಸಿದ ಕಂಬಕ್ಕೋ ತಗುಲಿದಾಗ, ಈ ಲೆಕ್ಕ ಕೈಕೊಡುವುದು ಅಪರೂಪ. ಮೊದಲು ಹೇಳಿದ 'ಬಹುತೇಕ ಸಂದರ್ಭಗಳು' ಇವೇ.

ಉಳಿದ ಸಂದರ್ಭಗಳೇ ಅಪಾಯಕಾರಿ. ಹರಿದ ತಂತಿ ಹಳಿಯನ್ನು ಮುಟ್ಟದೆ ಒಣಗಿದ ಜಲ್ಲಿಯ ಮೇಲೋ, ಡಾಂಬರು ರಸ್ತೆಯ ಮೇಲೋ, ನಿಮ್ಮ ತೋಟದ ಒಣ ಮಣ್ಣಿನ ಮೇಲೋ ಬಿತ್ತೆಂದುಕೊಳ್ಳಿ. ಅಲ್ಲಿನ ನೆಲ 250 ಓಮ್ ತಡೆ ಒಡ್ಡಿದರೆ, 25,000 ವೋಲ್ಟಿಗೆ ಹರಿಯುವ ಕರೆಂಟು ಕೇವಲ 100 ಆಂಪಿಯರ್. ಅಂದರೆ ರಿಲೇಯ ಲೆಕ್ಕದಲ್ಲಿ ಅದು ಅರ್ಧ ಬಲದಲ್ಲಿ ಓಡುತ್ತಿರುವ ಒಂದು ರೈಲಿನಷ್ಟೇ. ಹಸಿಯಾದ ತೆಂಗಿನ ಮರ ತಂತಿಗೆ ಒರಗಿ ನಿಂತರೂ ಹೀಗೆಯೇ ಆಗಬಹುದು: ಮರ ಹೊಗೆಯಾಡುತ್ತಿರುತ್ತದೆ, ತಂತಿ ಜೀವಂತವಾಗಿರುತ್ತದೆ. ಇನ್ನು ಮನುಷ್ಯನೊಬ್ಬ ಆ ತಂತಿಯನ್ನು ಮುಟ್ಟಿದರೆ, ಇಷ್ಟು ವೋಲ್ಟೇಜಿನಲ್ಲಿ ದೇಹದ ತಡೆ 500ರಿಂದ 1,000 ಓಮ್ ಎಂದು ಹಿಡಿದರೂ, ಹರಿಯುವುದು 25ರಿಂದ 50 ಆಂಪಿಯರ್. ಪ್ರಾಣ ತೆಗೆಯಲು ಬೇಕಾದುದಕ್ಕಿಂತ ಇದು ನೂರಾರು ಪಟ್ಟು ಹೆಚ್ಚು. ರಿಲೇಯ ಕಣ್ಣಿಗೆ ಮಾತ್ರ ಹೆಚ್ಚೆಂದರೆ ಒಂದು ರೈಲಿನ ಕಾಲು ಭಾಗ. ಈ ಸ್ವಿಚ್ಚನ್ನು ಇಟ್ಟಿರುವುದು ತಂತಿ ಕರಗದಿರಲಿ, ಟ್ರಾನ್ಸ್‌ಫಾರ್ಮರ್ ಸುಡದಿರಲಿ ಎಂದು. ತಂತಿಯನ್ನು ಮುಟ್ಟಿದವರನ್ನು ಗುರುತಿಸುವ ಶಕ್ತಿ ಅದಕ್ಕಿಲ್ಲ.

ಈ ಕುರುಡನ್ನು ಸ್ವಲ್ಪ ಮಟ್ಟಿಗೆ ಸರಿಪಡಿಸಲು ಡೆಲ್ಟಾ-ಐ ಎಂಬ ಇನ್ನೊಂದು ರಿಲೇ ಇದೆ. ಕರೆಂಟು ಎಷ್ಟಿದೆ ಎನ್ನುವುದಕ್ಕಿಂತ ಅದು ಥಟ್ಟನೆ ಎಷ್ಟು ಏರಿತು ಎಂಬುದನ್ನು ಇದು ನೋಡುತ್ತದೆ. ರೈಲಿನ ಕರೆಂಟು ಹಂತಹಂತವಾಗಿ ಏರುತ್ತದೆ, ದೋಷದ್ದು ಒಮ್ಮೆಲೇ ನೆಗೆಯುತ್ತದೆ ಎಂಬುದು ಇದರ ಹಿಂದಿನ ತರ್ಕ. ಹೆಚ್ಚು ತಡೆಯುಳ್ಳ ದೋಷಗಳಲ್ಲಿ ಹಲವನ್ನು ಇದು ಹಿಡಿಯುತ್ತದೆ, ಆದರೆ ಎಲ್ಲವನ್ನೂ ಹಿಡಿದೀತು ಎಂದು ನಂಬಿ ಯಾರೂ ತಂತಿಯ ಬಳಿ ಹೋಗುವಂತಿಲ್ಲ.

'ಮನೆಯಲ್ಲಿ 30 ಮಿಲಿಆಂಪಿಯರ್ ಸೋರಿದರೂ ಬೀಳುವ ಇಎಲ್‌ಸಿಬಿ ಇದೆಯಲ್ಲ, ಅದನ್ನೇ ರೈಲಿಗೂ ಏಕೆ ಹಾಕಬಾರದು' ಎಂದು ಇಲ್ಲಿ ಯಾರಾದರೂ ಕೇಳುವುದು ಸಹಜ, ಅದು ಒಳ್ಳೆಯ ಪ್ರಶ್ನೆಯೂ ಹೌದು. ಇಎಲ್‌ಸಿಬಿಯು ಹೋದ ಕರೆಂಟನ್ನೂ ಮರಳಿದ ಕರೆಂಟನ್ನೂ ತಾಳೆ ನೋಡುತ್ತದೆ. ವ್ಯತ್ಯಾಸ ಬಂದರೆ ಎಲ್ಲೋ ನೆಲಕ್ಕೆ ಸೋರಿದೆ ಎಂದರ್ಥ. ರೈಲಿನಲ್ಲಿ ಕರೆಂಟು ಮರಳುವುದೇ ಹಳಿಯ ಮೂಲಕ, ಹಳಿ ಮಲಗಿರುವುದು ನೆಲದ ಮೇಲೆ. ಮರಳುವ ಕರೆಂಟಿನ ದೊಡ್ಡ ಪಾಲು ದಾರಿಯುದ್ದಕ್ಕೂ ಮಣ್ಣಿಗಿಳಿದು ಸಬ್‌ಸ್ಟೇಷನ್ನಿನ ಬಳಿ ಮೇಲೇಳುತ್ತದೆ. ನೂರಾರು ಆಂಪಿಯರ್ ನೆಲದಲ್ಲಿ ಹರಿಯುವುದೇ ಇಲ್ಲಿನ ನಿತ್ಯದ ವ್ಯವಸ್ಥೆ. ಅದರ ನಡುವೆ ಒಬ್ಬ ಮನುಷ್ಯನ ಮೂಲಕ ಇಳಿದ ಕರೆಂಟನ್ನು ಬೇರ್ಪಡಿಸಿ ಗುರುತಿಸುವ ದಾರಿಯಿಲ್ಲ.

ಸರಿ, ಈ ಬಾರಿ ಬ್ರೇಕರ್ ಬಿದ್ದೇಬಿಟ್ಟಿತು ಎನ್ನೋಣ. ತಂತಿ ಹಳಿಗೆ ತಗುಲಿ ಢಮಾರೆಂದು ಕಿಡಿ ಹಾರಿತು, ಆಮೇಲೆ ನಿಶ್ಶಬ್ದ. ನನ್ನ ದೃಷ್ಟಿಯಲ್ಲಿ ಅತ್ಯಂತ ಮೋಸದ ಗಳಿಗೆ ಇದು. ಹಕ್ಕಿ, ಗಾಳಿಪಟದ ದಾರ, ಒಂದು ಗರಿ ತಗುಲಿ ಉಂಟಾಗುವ ದೋಷ ಆ ಕಿಡಿಯೊಂದಿಗೇ ಸುಟ್ಟುಹೋಗಿ ಮುಗಿಯುವುದು ಸಾಮಾನ್ಯ. ಅದಕ್ಕೆಲ್ಲ ರೈಲುಗಳನ್ನು ನಿಲ್ಲಿಸಿಕೊಂಡು ಕೂರಲಾಗದು ಎಂದು, ಬಿದ್ದ ಬ್ರೇಕರ್ ತಾನಾಗಿಯೇ ಮತ್ತೊಮ್ಮೆ ಏರುವ ಏರ್ಪಾಡು ಇರುತ್ತದೆ. ದೋಷ ಹಾಗೇ ಇದ್ದರೆ ಮತ್ತೆ ಬೀಳುತ್ತದೆ. ಅಷ್ಟಕ್ಕೂ ಮುಗಿಯುವುದಿಲ್ಲ: ವಿಭಾಗದ ನಿಯಂತ್ರಣ ಕೇಂದ್ರದಲ್ಲಿ ಹಗಲಿರುಳೂ ಕುಳಿತಿರುವ ಟ್ರ್ಯಾಕ್ಷನ್ ಪವರ್ ಕಂಟ್ರೋಲರ್, ದೋಷ ಯಾವ ತುಂಡಿನಲ್ಲಿದೆ ಎಂದು ಕಂಡುಹಿಡಿಯಲು, ಮಾರ್ಗವನ್ನು ಹೋಳುಹೋಳಾಗಿ ಬೇರ್ಪಡಿಸಿ ಒಂದೊಂದನ್ನೇ ಚಾಲೂ ಮಾಡಿ ನೋಡುತ್ತಾರೆ. ನೀವು ತೋಟದ ಬೇಲಿಯ ಬಳಿ ನಿಂತಿರುವುದು ಅವರ ಪರದೆಯ ಮೇಲೆ ಕಾಣುವುದಿಲ್ಲ. ನಿಲ್ದಾಣಗಳಲ್ಲಿ 25,000 ವೋಲ್ಟಿನ ಎಚ್ಚರಿಕೆ ಫಲಕಗಳು ಬೇಕಾದಷ್ಟಿವೆ. ಸತ್ತಂತೆ ಬಿದ್ದ ತಂತಿಗೆ ಯಾವ ಗಳಿಗೆಯಲ್ಲಾದರೂ ಕರೆಂಟು ಮರಳಬಹುದು ಎಂಬುದನ್ನೂ ಅವುಗಳಲ್ಲಿ ಬರೆದರೆ ಒಳ್ಳೆಯದು.

ರೈಲ್ವೆಯ ಸ್ವಂತ ಸಿಬ್ಬಂದಿಯೂ ಬ್ರೇಕರ್ ಬಿದ್ದಿದೆ ಎಂಬ ಭರವಸೆಯ ಮೇಲೆ ತಂತಿ ಮುಟ್ಟುವುದಿಲ್ಲ. ಕಂಟ್ರೋಲರಿನಿಂದ ಪವರ್ ಬ್ಲಾಕ್ (ಕೆಲಸಕ್ಕಾಗಿ ಕರೆಂಟು ನಿಲ್ಲಿಸುವ ಏರ್ಪಾಡು) ಪಡೆದು, ಲಿಖಿತ ಅನುಮತಿ ಕೈಗೆ ಬಂದ ಮೇಲೆ, ಕೆಲಸದ ಜಾಗದ ಎರಡೂ ಬದಿಯಲ್ಲಿ ಡಿಸ್ಚಾರ್ಜ್ ರಾಡ್ ಎಂಬ ಉದ್ದನೆಯ ಕೋಲುಗಳಿಂದ ತಂತಿಯನ್ನು ಹಳಿಗೆ ಜೋಡಿಸುತ್ತಾರೆ. ಮೊದಲು ರಾಡಿನ ಕೆಳತುದಿಯನ್ನು ಹಳಿಗೆ ಬಿಗಿದು, ಆಮೇಲೆ ಮೇಲ್ತುದಿಯ ಕೊಕ್ಕೆಯನ್ನು ತಂತಿಗೆ ಸಿಕ್ಕಿಸುತ್ತಾರೆ. ತೆಗೆಯುವಾಗ ಇದಕ್ಕೆ ತಿರುವುಮುರುವು. ಜೋಡಿ ಮಾರ್ಗದಲ್ಲಿ ಇದು ಇನ್ನೂ ಮುಖ್ಯ, ಏಕೆಂದರೆ ಪಕ್ಕದ ಮಾರ್ಗದ ತಂತಿಯಲ್ಲಿ ಕರೆಂಟು ಹರಿಯುತ್ತಿದ್ದರೆ ಅದರ ಪ್ರಭಾವದಿಂದಲೇ ಈ ನಿಂತ ತಂತಿಯಲ್ಲಿ ಪ್ರಾಣಕ್ಕೆ ಎರವಾಗುವಷ್ಟು ವೋಲ್ಟೇಜು ಹುಟ್ಟಿಕೊಳ್ಳಬಲ್ಲದು.

ಎಂಜಿನ್ನಿನ ಚಾವಣಿಯ ಮೇಲೂ ಇಂಥದೇ ಒಂದು ಬ್ರೇಕರ್ ಇರುತ್ತದೆ. ಎಂಜಿನ್ನಿನೊಳಗಿನ ದೋಷಕ್ಕೆ ಅದು ತಾನಾಗಿ ಬೀಳುತ್ತದೆ. ಎರಡು ಸಬ್‌ಸ್ಟೇಷನ್‌ಗಳ ಪ್ರದೇಶ ಸೇರುವಲ್ಲಿ ಬರುವ ಕರೆಂಟಿಲ್ಲದ ತುಂಡನ್ನು ದಾಟುವಾಗ ಲೋಕೋ ಪೈಲಟ್ ಅದನ್ನು ತೆರೆಯುತ್ತಾರೆ, 500 ಮತ್ತು 250 ಮೀಟರ್ ಮೊದಲೇ ಅದಕ್ಕೆ ಫಲಕಗಳಿರುತ್ತವೆ. ನೆಲಕ್ಕೆ ಬಿದ್ದ ತಂತಿಗೂ ಇದಕ್ಕೂ ಸಂಬಂಧವಿಲ್ಲ.

ಇನ್ನು ನಿಮ್ಮ ತೋಟದ ವಿಷಯ. ಮೇಲಿನ ತಂತಿ ಹಳಿಯಿಂದ ಸುಮಾರು ಐದೂವರೆ ಮೀಟರ್ ಎತ್ತರದಲ್ಲಿರುತ್ತದೆ, ಚಾಲೂ ಇರುವ ತಂತಿಯಿಂದ ಕನಿಷ್ಠ 2 ಮೀಟರ್ ದೂರ ಇರಬೇಕೆಂಬುದು ರೈಲ್ವೆಯ ನಿಯಮ; ಮುಟ್ಟಲೇಬೇಕೆಂದಿಲ್ಲ, ತೀರಾ ಹತ್ತಿರವಾದರೆ ಕರೆಂಟು ಗಾಳಿಯಲ್ಲೇ ನೆಗೆದು ಬರುತ್ತದೆ. ನಿಮ್ಮ ಕಡೆ ಕಾಯಿ ಕೀಳಲು, ಮಲೆನಾಡಿನ ಕಡೆ ಅಡಿಕೆ ಕೊನೆ ತೆಗೆಯಲು ಈಗ ಬಂದಿರುವ ಕಾರ್ಬನ್ ಫೈಬರ್ ದೋಟಿ ಹಗುರ ನಿಜ, ಆದರೆ ಕಾರ್ಬನ್ ಫೈಬರ್ ವಿದ್ಯುತ್ತನ್ನು ಹರಿಸುತ್ತದೆ, ಅಲ್ಯೂಮಿನಿಯಂ ದೋಟಿಯಂತೂ ಸರಿಯೇ ಸರಿ. ಹಳಿಯ ಪಕ್ಕದ ಸಾಲಿನ ಮರಗಳಿಗೆ ಇವನ್ನು ಎತ್ತಲೇಬಾರದು. ಆ ಸಾಲಿನ ಮರ ವಾಲಿದ್ದರೆ, ಬೀಳುವ ಮುನ್ನವೇ ಹತ್ತಿರದ ನಿಲ್ದಾಣದಲ್ಲಿ ಬರವಣಿಗೆಯಲ್ಲಿ ತಿಳಿಸಿ. ಕರೆಂಟು ನಿಲ್ಲಿಸಿಕೊಂಡು ಕಡಿಸುವುದು ಅವರ ಕೆಲಸ.

ತಂತಿ ಬಿದ್ದೇ ಬಿಟ್ಟರೆ, ಕಿಡಿ ಕಾಣಲಿ ಕಾಣದಿರಲಿ, ಅದು ಜೀವಂತವಾಗಿದೆ ಎಂದೇ ತಿಳಿದು ಕನಿಷ್ಠ 10 ಮೀಟರ್ ದೂರ ಸರಿಯಿರಿ. ದನಕರುಗಳನ್ನೂ ದೂರ ಅಟ್ಟಿ, ಆದರೆ ಅವುಗಳ ಹಿಂದೆ ತಂತಿಯ ಕಡೆಗೆ ಓಡಬೇಡಿ. ನೆಲದಲ್ಲಿ ಹರಡುವ ವೋಲ್ಟೇಜು ತಂತಿಯಿಂದ ದೂರ ಹೋದಂತೆ ಇಳಿಯುತ್ತದೆ; ದೊಡ್ಡ ಹೆಜ್ಜೆಯಿಟ್ಟರೆ ಎರಡು ಪಾದಗಳ ನಡುವಿನ ವ್ಯತ್ಯಾಸವೇ ಕರೆಂಟನ್ನು ಕಾಲಿನ ಮೂಲಕ ಹರಿಸಬಲ್ಲದು. ಸಮೀಪದಲ್ಲೇ ಸಿಕ್ಕಿಕೊಂಡಿದ್ದರೆ ಪಾದಗಳನ್ನು ಜೋಡಿಸಿ, ನೆಲದಿಂದ ಎತ್ತದೆ, ಸಣ್ಣಗೆ ಜಾರಿಸುತ್ತ ಹಿಂದೆ ಸರಿಯಬೇಕು. ತಂತಿ ಟ್ರ್ಯಾಕ್ಟರಿನ ಮೇಲೋ ಕಾರಿನ ಮೇಲೋ ಬಿದ್ದಿದ್ದರೆ ಒಳಗಿರುವವರು ಅಲ್ಲೇ ಕುಳಿತಿರಲಿ. ಹತ್ತಿರ ಲೆವೆಲ್ ಕ್ರಾಸಿಂಗ್ ಇದ್ದರೆ ಗೇಟ್‌ಮನ್‌ಗೆ ಹೇಳುವುದು ಅತಿ ಶೀಘ್ರದ ದಾರಿ. ಇಲ್ಲವಾದರೆ ರೈಲ್ವೆಯ 139 ಸಂಖ್ಯೆಗೆ ಕರೆ ಮಾಡಿ. ಜಾಗ ತಿಳಿಸುವಾಗ ಊರಿನ ಹೆಸರಿನ ಜೊತೆ, ತಂತಿ ಹೊತ್ತ ಕಂಬಗಳ ಮೇಲೆ ಫಲಕದಲ್ಲಿ ಬರೆದಿರುವ ಸಂಖ್ಯೆಯನ್ನು ದೂರದಿಂದಲೇ ಓದಿ ಹೇಳಿ. ಅದರ ಒಂದು ಭಾಗ ಕಿಲೋಮೀಟರ್, ಇನ್ನೊಂದು ಭಾಗ ಆ ಕಿಲೋಮೀಟರಿನೊಳಗಿನ ಕಂಬದ ಸಂಖ್ಯೆ. ಕಂಟ್ರೋಲರ್ ಯಾವ ತುಂಡಿನ ಕರೆಂಟು ನಿಲ್ಲಿಸಬೇಕೆಂಬುದನ್ನು ಆ ಸಂಖ್ಯೆಯಿಂದಲೇ ತಿಳಿಯುತ್ತಾರೆ.