ಹಜ್‌ಗೆ ಹೊರಟವರ ತೊಡೆ, ಅಂಗಾಲು, ನೆತ್ತಿ

ಹಜ್‌ಗೆ ಹೊರಡುವವರು ಬಿಪಿ ಮಾತ್ರೆ, ಶುಗರ್ ಮಾತ್ರೆ ಎಲ್ಲವನ್ನೂ ನೆನಪಿನಿಂದ ಕಟ್ಟಿಕೊಳ್ಳುತ್ತಾರೆ. ಚರ್ಮದ ಬಗ್ಗೆ ಯೋಚಿಸುವುದು ಕಡಿಮೆ. ಆದರೆ ಅಲ್ಲಿ ಎಷ್ಟೋ ಹಾಜಿಗಳ ನಡಿಗೆ ನಿಲ್ಲಿಸುವುದು ತೊಡೆ ಸಂದಿನ ಉರಿ, ಇಲ್ಲವೇ ಅಂಗಾಲಿನ ಬೊಬ್ಬೆ.

ಇಹ್ರಾಮ್‌ನಲ್ಲಿ, ಅಂದರೆ ಹಜ್‌ನ ವಿಧಿಗಳಿಗಾಗಿ ನಿಯಮ ಪಾಲಿಸುವ ಹೊತ್ತಿನಲ್ಲಿ, ಗಂಡಸರಿಗೆ ಹೊಲಿಗೆ ಇಲ್ಲದ ಎರಡು ಬಟ್ಟೆ ಮಾತ್ರ. ಒಳಉಡುಪು ಇಲ್ಲ. ನಡೆದಂತೆಲ್ಲ ತೊಡೆಗೆ ತೊಡೆ ಉಜ್ಜುತ್ತದೆ. ಮೆಕ್ಕಾದ ಸಫಾ, ಮರ್ವಾ ಗುಡ್ಡಗಳ ನಡುವಿನ 7 ಓಡಾಟವೇ ಸುಮಾರು 3 ಕಿಲೋಮೀಟರ್ ಆಗುತ್ತದೆ. ಬೆವರಿಗೆ ನೆನೆದ ಚರ್ಮ ಒದ್ದೆ ಕಾಗದದಂತೆ ಬೇಗ ಕಿತ್ತು ಬರುತ್ತದೆ. ಬೆವರು ಒಣಗಿದರೆ ಉಳಿಯುವ ಉಪ್ಪು ಮತ್ತಷ್ಟು ಕೆರೆಯುತ್ತದೆ. ಆ ಬಿಸಿ, ಆ ತೇವದಲ್ಲಿ ಶಿಲೀಂಧ್ರವೂ ಸೇರಿಕೊಂಡರೆ ತುರಿಕೆ ಬೇಗ ಬಿಡುವುದಿಲ್ಲ. ಹಾಗಾಗಿ ಉರಿ ಶುರುವಾದ ಮೇಲಲ್ಲ, ಹೊರಡುವ ಮುಂಚೆಯೇ ವ್ಯಾಸಲೀನ್ ಹಚ್ಚಿ. ಇಹ್ರಾಮ್‌ನಲ್ಲಿ ಸುಗಂಧ ಸಲ್ಲದು, ಆದ್ದರಿಂದ ವಾಸನೆ ಇಲ್ಲದ್ದನ್ನೇ ನೋಡಿ ತೆಗೆದುಕೊಳ್ಳಿ. ಇನ್ನೊಂದು ಮಾತು: ಇಹ್ರಾಮ್ ಬಟ್ಟೆ ಒದ್ದೆಯಾದರೆ ಬದಲಿಸಬಹುದು. ಅದೇ ಬಟ್ಟೆಯಲ್ಲೇ ಕೊನೆತನಕ ಇರಬೇಕು ಅಂದುಕೊಂಡು ಸುಮ್ನೆ ನೋವು ತಿನ್ನಬೇಡಿ.

ನನಗೆ ಜಾಸ್ತಿ ಭಯ ಅಂಗಾಲಿನದು. ಕಾಬಾದ ಸುತ್ತ ಹಾಸಿರುವ ಬಿಳಿ ಅಮೃತಶಿಲೆ ಗ್ರೀಸ್‌ನ ಥಾಸೋಸ್ ದ್ವೀಪದ್ದು. ಬಿಸಿಲನ್ನು ವಾಪಸ್ ಕಳಿಸುವುದರಿಂದ ಅದು ಅಷ್ಟಾಗಿ ಕಾಯುವುದಿಲ್ಲ. ಅಲ್ಲಿ ಬರಿಗಾಲಲ್ಲಿ ಹಾಯಾಗಿ ನಡೆದವರು ಜನಸಂದಣಿಯಲ್ಲಿ ಚಪ್ಪಲಿ ಕಳೆದುಕೊಂಡು ಹಾಗೇ ರಸ್ತೆಗೆ ಇಳಿಯುತ್ತಾರೆ. ತೊಂದರೆ ಆಗುವುದೇ ಅಲ್ಲಿ. 2024ರ ಜೂನ್‌ನಲ್ಲಿ ಮೆಕ್ಕಾದ ದೊಡ್ಡ ಮಸೀದಿಯ ಬಳಿ 51.8 ಡಿಗ್ರಿ ದಾಖಲಾಗಿತ್ತು. ಗಾಳಿಯೇ ಅಷ್ಟು ಬಿಸಿ ಇದ್ದಾಗ ಡಾಂಬರು ಹೇಗಿರಬೇಡ!

ಸುಟ್ಟರೆ ಯಾರಾದರೂ ಕಾಲೆತ್ತುತ್ತಾರೆ, ಅಲ್ವಾ? ಹಳೆಯ ಸಕ್ಕರೆ ಕಾಯಿಲೆ ಇರುವವರಲ್ಲಿ ಪಾದದ ನರಗಳು ಮಂಕಾಗಿರುತ್ತವೆ. ಅಂಗಾಲು ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ. ರಾತ್ರಿ ಹಾಸಿಗೆಯ ಮೇಲೆ ನೀರುಗುಳ್ಳೆ ಕಂಡಾಗಲೇ ತಿಳಿಯುವುದು. ಅಂಥ ಗಾಯ ಮಾಯಲು ಬಹಳ ದಿನ ಬೇಕು, ಕೀವು ತುಂಬಿದರೆ ಕಾಲಿಗೇ ಸಂಚಕಾರ. ಚಪ್ಪಲಿಯನ್ನು ಹೊರಗೆ ಬಿಡದೆ ಚೀಲದಲ್ಲಿ ಹಾಕಿ ಹೆಗಲಿಗೇರಿಸಿ. ದಿನವೂ ರಾತ್ರಿ ಅಂಗಾಲು ನೋಡಿಕೊಳ್ಳಿ. ಬಗ್ಗಲು ಆಗದಿದ್ದರೆ ಜೊತೆಗಿರುವವರು ನೋಡಲಿ, ಇಲ್ಲವೇ ಮೊಬೈಲಲ್ಲಿ ಫೋಟೋ ತೆಗೆಯಿರಿ. ಗುಳ್ಳೆ ಎದ್ದಿದ್ದರೆ ಒಡೆಯಬೇಡಿ. ಸಕ್ಕರೆ ಕಾಯಿಲೆಯವರಾದರೆ ಬೆಳಗಿನತನಕ ಕಾಯದೆ ಡಾಕ್ಟರ ಹತ್ತಿರ ಹೋಗಿ.

ಬೆವರುಸಾಲೆ ಕಾಡಿದರೆ ತಣ್ಣೀರ ಸ್ನಾನ, ನೆರಳು ಸಾಕು.

ಹಜ್‌ನ ವಿಧಿಯಂತೆ ತಲೆ ಬೋಳಿಸುವಾಗ ಹೊಸ ಬ್ಲೇಡನ್ನು ನಿಮ್ಮ ಕಣ್ಣೆದುರೇ ಬಿಚ್ಚಿಸಿ. ಹೆಪಟೈಟಿಸ್ ಬಿ, ಸಿ ಎರಡೂ ಒಬ್ಬರ ರಕ್ತ ಅಂಟಿದ ಬ್ಲೇಡಿನಿಂದ ಇನ್ನೊಬ್ಬರಿಗೆ ಹರಡಬಲ್ಲವು. ತಲೆ ಬೋಳಿಸುವವರೆಗೆ ಗಂಡಸರು ತಲೆಗೆ ಬಟ್ಟೆ ಹೊದೆಯುವಂತಿಲ್ಲ, ಆದರೆ ಕೊಡೆ ಹಿಡಿಯಬಹುದು. ಬೋಳಿಸಿ ಇಹ್ರಾಮ್ ಬಿಚ್ಚಿದ ಮೇಲೆ ಟೋಪಿ ಹಾಕಬಹುದು. ತಕ್ಷಣ ಹಾಕಿಕೊಳ್ಳಿ. ಕೂದಲಿನ ಮರೆಯಲ್ಲೇ ಇದ್ದ ಆ ನೆತ್ತಿಗೆ ಅಷ್ಟು ಬಿಸಿಲಿನ ಅಭ್ಯಾಸವೇ ಇರುವುದಿಲ್ಲ.