ಕೆಂಪು ಸ್ಪಾರ್ಕ್ಲಿಂಗ್ ವೈನ್: ವಯಸ್ಸು ಎಲ್ಲಿಂದ ಎಣಿಸಬೇಕು?

ಕಲಬುರಗಿಯಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದುವ ನಮ್ಮ ಗುಂಪಿಗೆ ಪಾನೀಯಗಳ ಪಾಠದಲ್ಲಿ ಜಾಸ್ತಿ ತಲೆ ತಿಂದದ್ದು ಕೆಂಪು ಸ್ಪಾರ್ಕ್ಲಿಂಗ್ ವೈನ್, ಅಂದರೆ ನೊರೆ ಬರುವ ಕೆಂಪು ವೈನ್. ವೈವಾದಲ್ಲಿ ನನ್ನ ಕೈಗೆ ಒಂದು ಲೇಬಲ್ ಕೊಟ್ಟು "ಇದರ ವಯಸ್ಸೆಷ್ಟು?" ಎಂದು ಕೇಳಿದರು. ದ್ರಾಕ್ಷಿ ಕೊಯ್ದ ವರ್ಷ ನೋಡಿ ಲೆಕ್ಕ ಹೇಳಿಬಿಟ್ಟೆ. ಹಿಂದಿನ ಲೇಬಲ್ಲಿನಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ದಿನಾಂಕ ಇತ್ತು. ಅದನ್ನು ನೋಡಲೇ ಇಲ್ಲ. ಆ ಎರಡನೇ ದಿನಾಂಕಕ್ಕಾಗಿಯೇ ಈ ಟಿಪ್ಪಣಿ.

ಮೊದಲು ನೊರೆ ಎಲ್ಲಿಂದ ಬರುತ್ತದೆ ನೋಡೋಣ. ಯಾದಗಿರಿ ಕಡೆಯ ಗೆಳೆಯ ಕೇಳಿದ: "ಸೇಂದಿಗೂ ನೊರೆ ಬರ್ತದಲ್ಲೋ, ಫರಕ್ ಏನು?" ಒಳ್ಳೆಯ ಪ್ರಶ್ನೆ. ಎರಡರಲ್ಲೂ ಯೀಸ್ಟ್ ಸಕ್ಕರೆ ತಿಂದು ಆಲ್ಕೋಹಾಲ್ ಮತ್ತು ಗ್ಯಾಸ್ ಮಾಡುತ್ತದೆ. ಸೇಂದಿಯ ಗಡಿಗೆಗೆ ಬಾಯಿ ತೆರೆದಿರುತ್ತದೆ, ಗ್ಯಾಸ್ ಹಾರಿಹೋಗುತ್ತದೆ. ಇಲ್ಲಿ ಹಾಗಲ್ಲ. ಒಮ್ಮೆ ಹುದುಗಿ ತಯಾರಾದ ಕೆಂಪು ವೈನ್‌ಗೆ ಮತ್ತೆ ಸಕ್ಕರೆ, ಯೀಸ್ಟ್ ಸೇರಿಸಿ ಬಾಟಲಿಗೆ ತುಂಬಿ ಮುಚ್ಚಳ ಬಿಗಿಯುತ್ತಾರೆ. ಲೀಟರಿಗೆ 4 ಗ್ರಾಂ ಸಕ್ಕರೆ ಸುಮಾರು 1 ಅಟ್ಮಾಸ್ಫಿಯರ್ ಒತ್ತಡ ಕೊಡುತ್ತದೆ. 24 ಗ್ರಾಂ ಹಾಕಿದರೆ ಸುಮಾರು 6. ಕಾರಿನ ಟಯರಿನಲ್ಲಿ ಇರುವುದು ಎರಡರ ಆಸುಪಾಸು, ಅಲ್ವಾ? ಬಾಟಲಿಯ ಗಾಜು ಅಷ್ಟು ದಪ್ಪ ಯಾಕೆ ಅಂತ ಈಗ ತಿಳಿಯಿತು.

ಕೆಲಸ ಮುಗಿಸಿದ ಯೀಸ್ಟ್ ಸತ್ತು ಗಸಿಯಾಗಿ ತಳ ಸೇರುತ್ತದೆ. ವೈನ್ ಆ ಗಸಿಯ ಜೊತೆಯಲ್ಲೇ ವರ್ಷಗಟ್ಟಲೆ ಮಲಗುತ್ತದೆ. ಗಸಿ ನಿಧಾನವಾಗಿ ಕರಗುತ್ತಾ ವೈನ್‌ಗೆ ಬ್ರೆಡ್ಡಿನ ಪರಿಮಳ ಕೊಡುತ್ತದೆ, ಬಾಯಲ್ಲಿ ಮೆತ್ತಗಿನ ಗುಣ ತರುತ್ತದೆ. ಇದು ಮೊದಲನೇ ವಯಸ್ಸು. ಆಮೇಲೆ ಬಾಟಲಿಯನ್ನು ದಿನವೂ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ತಲೆಕೆಳಗು ಮಾಡಿ, ಗಸಿಯನ್ನು ಕತ್ತಿಗೆ ತರುತ್ತಾರೆ. ಕತ್ತನ್ನಷ್ಟೇ ಹೆಪ್ಪುಗಟ್ಟಿಸಿ ಮುಚ್ಚಳ ತೆಗೆದರೆ ಒತ್ತಡಕ್ಕೆ ಗಸಿಯ ಗಡ್ಡೆ ಹೊರಗೆ ಚಿಮ್ಮುತ್ತದೆ. ಇದಕ್ಕೆ ಡಿಸ್‌ಗಾರ್ಜಿಂಗ್ ಎನ್ನುತ್ತಾರೆ. ಖಾಲಿಯಾದ ಜಾಗಕ್ಕೆ ಸ್ವಲ್ಪ ಸಿಹಿ ವೈನ್ ತುಂಬಿ ಬಿರಡೆ ಹಾಕುತ್ತಾರೆ. ಅಲ್ಲಿಂದ ಎರಡನೇ ವಯಸ್ಸು ಶುರು. ನಾನು ನೋಡದೆ ಬಿಟ್ಟ ಸಣ್ಣ ಅಕ್ಷರದ ದಿನಾಂಕ ಇದರದ್ದೇ.

ಇನ್ನು ಕೆಂಪು ಬಣ್ಣದ ಕಿರಿಕಿರಿ. ಕೆಂಪು ವೈನ್ ಹಣ್ಣಿನ ಸಿಪ್ಪೆಯ ಜೊತೆ ಹುದುಗುತ್ತದೆ, ಹಾಗಾಗಿ ಬಣ್ಣದ ಜೊತೆ ಟ್ಯಾನಿನ್ ಕೂಡ ಬರುತ್ತದೆ. ನಮ್ಮ ಮಾತಿನಲ್ಲಿ ಒಗರು. ನೇರಳೆಹಣ್ಣು ತಿಂದು ಸೋಡಾ ಕುಡಿದು ನೋಡಿ, ಒಗರು ಇನ್ನೂ ಚುರುಕಾಗಿ ಹತ್ತುತ್ತದೆ. ಗ್ಯಾಸ್ ಒಗರನ್ನು ಎತ್ತಿ ತೋರಿಸುತ್ತದೆ, ತಂಪು ಕೂಡ ಹಾಗೆಯೇ. ಅದನ್ನು ತಡೆಯಲು ಎರಡೇ ದಾರಿ: ಸಿಹಿ, ಇಲ್ಲವೇ ಕಾಲ. ವರ್ಷ ಕಳೆದಂತೆ ಟ್ಯಾನಿನ್ ಕಣಗಳು ಒಂದಕ್ಕೊಂದು ಅಂಟಿ ದೊಡ್ಡದಾಗುತ್ತವೆ, ಒಗರು ಮಣಿಯುತ್ತದೆ, ಬಣ್ಣ ಇಟ್ಟಿಗೆ ಕಡೆಗೆ ತಿರುಗುತ್ತದೆ. ಇಟಲಿಯ ಲಾಂಬ್ರುಸ್ಕೊವನ್ನು ಇಲ್ಲಿ ಬೆರೆಸಬೇಡಿ. ಅದು ಹೆಚ್ಚಾಗಿ ದೊಡ್ಡ ಟ್ಯಾಂಕಿನಲ್ಲಿ ನೊರೆ ಹಿಡಿಸಿ, ತಾಜಾ ಇರುವಾಗಲೇ ಕುಡಿಯುವ ವೈನ್.

ಹಳೆಯದಾಗಿಸುವ ಜಾತಿ ಎಂದರೆ ಶಿರಾಜ್ ಎಂಬ ಕಪ್ಪು ದ್ರಾಕ್ಷಿಯಿಂದ ಮಾಡುವ ಆಸ್ಟ್ರೇಲಿಯಾದ ಸ್ಪಾರ್ಕ್ಲಿಂಗ್ ಶಿರಾಜ್. 19ನೇ ಶತಮಾನದ ಕೊನೆಯಲ್ಲೇ ವಿಕ್ಟೋರಿಯಾದಲ್ಲಿ ಶುರುವಾಯಿತು, ಆಗ ಸ್ಪಾರ್ಕ್ಲಿಂಗ್ ಬರ್ಗಂಡಿ ಎನ್ನುತ್ತಿದ್ದರು. ಅಲ್ಲಿನ ಗ್ರೇಟ್ ವೆಸ್ಟರ್ನ್ ಎಂಬ ಊರಿನಲ್ಲಿ ಚಿನ್ನದ ಗಣಿ ಕೆಲಸಗಾರರು ನೆಲದಡಿ ತೋಡಿದ ಸುರಂಗಗಳಲ್ಲಿ ಬಾಟಲಿ ಮಲಗಿಸುತ್ತಿದ್ದರು. ಬೀದರಿನ ಸುರಂಗ ಬಾವಿ ನೋಡಿದವರಿಗೆ ಇದು ಬೇಗ ಹೊಳೆಯುತ್ತದೆ. ಮೇಲೆ ಬಿಸಿಲು ಸುಡುತ್ತಿದ್ದರೂ ಕೆಳಗೆ ತಂಪು. ಬಹಮನಿ ಕಾಲದವರು ಅದನ್ನು ನೀರಿಗೆ ಬಳಸಿದರು, ಇವರು ವೈನ್‌ಗೆ.

ಸಣ್ಣ ಕುಟುಂಬದ ತೋಟಕ್ಕೆ ಈ ವೈನ್ ದುಬಾರಿ ಹಟ. ಮೂರ್ನಾಲ್ಕು ವರ್ಷ ದುಡ್ಡು ನೆಲಮಾಳಿಗೆಯಲ್ಲಿ ಸುಮ್ನೆ ಕೂತಿರುತ್ತದೆ. ಡಿಸ್‌ಗಾರ್ಜಿಂಗ್ ಯಂತ್ರ ಎಲ್ಲರ ಬಳಿಯೂ ಇರುವುದಿಲ್ಲ, ಕೂಲಿ ಕೊಟ್ಟು ಬೇರೆಡೆ ಮಾಡಿಸುತ್ತಾರೆ. ಕೊನೆಗೆ ತುಂಬುವ ಸಿಹಿಗೆ ಕೆಲವರು ಪೋರ್ಟ್ (ಪೋರ್ಚುಗಲ್ಲಿನ ಸಿಹಿ, ಗಡಸು ವೈನ್) ಥರದ ಹಳೆಯ ಸಿಹಿ ಶಿರಾಜ್ ಬಳಸುತ್ತಾರೆ. ಮನೆಯ ಕೈರುಚಿ ಅಲ್ಲೇ ಇರುವುದು ಅಂತ ನನಗನ್ನಿಸುತ್ತದೆ.

ಈಗ ಲೆಕ್ಕ. ಒಂದು ಲೇಬಲ್ ಊಹಿಸಿಕೊಳ್ಳಿ: ಕೊಯ್ಲು 2010, ನೊರೆಗೆಂದು ಬಾಟಲಿಗೆ ಹಾಕಿದ್ದು 2012, ಡಿಸ್‌ಗಾರ್ಜ್ 2018. ನಾವು ತೆರೆದದ್ದು 2024. ಗಸಿಯ ಮೇಲೆ 6 ವರ್ಷ, ಬಿರಡೆಯ ಕೆಳಗೆ 6 ವರ್ಷ, ಬಾಟಲಿಗೆ ಹಾಕುವ ಮೊದಲಿನ 2 ವರ್ಷವೂ ಸೇರಿ ಕೊಯ್ಲಿನಿಂದ ಒಟ್ಟು 14. ನಾನು ವೈವಾದಲ್ಲಿ ಹೇಳಿದ್ದು ಈ ಕೊನೆಯ ಸಂಖ್ಯೆಯ ಥರದ್ದು ಮಾತ್ರ.

ಬಡಿಸುವಾಗ ಸುಮಾರು 12 ಡಿಗ್ರಿ ಸಾಕು. ನಮ್ಮೂರಿನ ಮೇ ತಿಂಗಳಲ್ಲಿ 42 ಡಿಗ್ರಿಯ ಕೋಣೆಯಲ್ಲಿ ಬಾಟಲಿ ಇಟ್ಟು ಹಾಗೆಯೇ ಬಿರಡೆ ಬಿಗಿದ ತಂತಿ ಬಿಚ್ಚಬೇಡಿ, ಒಳಗಿನ ಒತ್ತಡ ಏರಿರುತ್ತದೆ. ಬಟ್ಟೆ ಹಿಡಿದು, ಬಿರಡೆಯ ಬದಲು ಬಾಟಲಿಯನ್ನು ತಿರುಗಿಸಿ. ತೆಗೆದ ಬಿರಡೆಯನ್ನು ಬಿಸಾಡಬೇಡಿ. ಹೊಸದಾಗಿ ಹಾಕಿದ್ದಾದರೆ ಕೆಳಭಾಗ ಉಬ್ಬಿ ಅಣಬೆಯಂತೆ ಅಗಲವಾಗುತ್ತದೆ. ಎಷ್ಟೋ ವರ್ಷ ಕತ್ತಿನಲ್ಲೇ ಅದುಮಿ ಕೂತಿದ್ದು ಸಣಕಲಾಗಿ, ನೆಟ್ಟಗೇ ಉಳಿಯುತ್ತದೆ. ಲೇಬಲ್ ಹರಿದುಹೋಗಿದ್ದರೂ ಎರಡನೇ ವಯಸ್ಸಿನ ಅಂದಾಜು ಅಲ್ಲಿ ಸಿಗುತ್ತದೆ.