ಡಿಎನ್‌ಎ ನಕಲು: ಮೊದಲು ಸಿಕ್ಕ ಕಿಣ್ವ ರಿಪೇರಿಯದ್ದು

1956ರಲ್ಲಿ ಆರ್ಥರ್ ಕಾರ್ನ್‌ಬರ್ಗ್ ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಡಿಎನ್‌ಎ ಎಳೆ ಬೆಳೆಸುವ ಕಿಣ್ವವಾದ ಡಿಎನ್‌ಎ ಪಾಲಿಮರೇಸ್ ಕಂಡುಹಿಡಿದರು. 1959ರಲ್ಲೇ ನೊಬೆಲ್ ಬಂತು. ನಕಲು ಮಾಡುವ ಕಿಣ್ವ ಸಿಕ್ಕಿತೆಂದು ಬಹುತೇಕರು ನಂಬಿದರು, ಆದರೆ ಲೆಕ್ಕ ಹೊಂದುತ್ತಿರಲಿಲ್ಲ. ಬ್ಯಾಕ್ಟೀರಿಯಾ ತನ್ನ 46 ಲಕ್ಷ ಅಕ್ಷರಜೋಡಿಗಳ ಜೀನೋಮನ್ನು (ಇಡೀ ಡಿಎನ್‌ಎಯನ್ನು) ಸುಮಾರು 40 ನಿಮಿಷದಲ್ಲಿ ನಕಲಿಸುತ್ತದೆ. ಕೆಲಸ ಎರಡು ದಿಕ್ಕಿಗೆ ಸಾಗಿದರೂ ಒಂದೊಂದು ಕಡೆ ಸೆಕೆಂಡಿಗೆ ಸಾವಿರ ಅಕ್ಷರದಷ್ಟು ವೇಗ ಬೇಕು. ಈ ಕಿಣ್ವದ್ದು ಹತ್ತಿಪ್ಪತ್ತು ಮಾತ್ರ.

1969ರಲ್ಲಿ ಪೌಲಾ ಡಿ ಲೂಸಿಯಾ ಮತ್ತು ಜಾನ್ ಕೇರ್ನ್ಸ್ ಸಾವಿರಾರು ಕಾಲನಿಗಳನ್ನು ಜಾಲಾಡಿ, ಈ ಕಿಣ್ವದ ಚಟುವಟಿಕೆ ಬಹುತೇಕ ಇಲ್ಲದ ತಳಿಯೊಂದನ್ನು ಹಿಡಿದರು. ಅದು ಚೆನ್ನಾಗಿಯೇ ಬೆಳೆಯಿತು, ಅತಿನೇರಳೆ ಕಿರಣ ಬಿದ್ದರೆ ಮಾತ್ರ ಬೇಗ ಸಾಯುತ್ತಿತ್ತು. ಅಂದರೆ ಪಾಲಿಮರೇಸ್ 1 ಎಂದು ಕರೆಯುವ ಕಾರ್ನ್‌ಬರ್ಗರ ಈ ಕಿಣ್ವದ ಮುಖ್ಯ ಕೆಲಸ ರಿಪೇರಿ. ನಿಜವಾದ ನಕಲುಗಾರ ಪಾಲಿಮರೇಸ್ 3 ಎರಡೇ ವರ್ಷದಲ್ಲಿ ಸಿಕ್ಕಿತು. ಅದನ್ನು ಕಂಡುಹಿಡಿದವರಲ್ಲಿ ಒಬ್ಬರು ಕಾರ್ನ್‌ಬರ್ಗರ ಮಗ ಟಾಮ್, ಅದುವರೆಗೆ ಚೆಲ್ಲೋ ಕಲಿಯುತ್ತಿದ್ದವರು!

ಪಾಲಿಮರೇಸ್‌ಗೆ ತಾನಾಗಿ ಶುರು ಮಾಡಲು ಬಾರದು. ಹೆಲಿಕೇಸ್ ಎಂಬ ಕಿಣ್ವ ಡಿಎನ್‌ಎಯ ಎರಡು ಎಳೆ ಬಿಡಿಸಿ, ಪ್ರೈಮೇಸ್ ಎಂಬ ಇನ್ನೊಂದು ಸುಮಾರು ಹತ್ತು ಅಕ್ಷರದ ಆರ್‌ಎನ್‌ಎ ತುಣುಕು (ಪ್ರೈಮರ್) ಇಟ್ಟಮೇಲೇ ಅದರ ಸರದಿ. ಎಳೆಯ ಒಂದು ತುದಿಗೆ ಐದು ಪ್ರೈಮ್, ಇನ್ನೊಂದಕ್ಕೆ ಮೂರು ಪ್ರೈಮ್ ಎಂದು ಹೆಸರು; ಪಾಲಿಮರೇಸ್ ಹೊಸ ಎಳೆಯನ್ನು ಐದರಿಂದ ಮೂರರ ಕಡೆಗಷ್ಟೇ ಬೆಳೆಸುತ್ತದೆ. ಎಳೆಗಳೆರಡೂ ಎದುರುಬದುರು ದಿಕ್ಕಿನವಾದ್ದರಿಂದ ಒಂದನ್ನು ತುಂಡುತುಂಡಾಗಿ ಬರೆಯಬೇಕು. 1968ರಲ್ಲಿ ಒಕಾಜಾಕಿ ದಂಪತಿ ತೋರಿಸಿದ್ದು ಇದನ್ನೇ: ಬ್ಯಾಕ್ಟೀರಿಯಾದಲ್ಲಿ 1000ದಿಂದ 2000 ಅಕ್ಷರದ ತುಂಡುಗಳು. ನಮ್ಮ ಜೀವಕೋಶದಲ್ಲಿ ಇವು 100ರಿಂದ 200 ಅಕ್ಷರದವು. ಬ್ಯಾಕ್ಟೀರಿಯಾದಲ್ಲಿ ಆರ್‌ಎನ್‌ಎ ಕಿತ್ತು ಡಿಎನ್‌ಎ ತುಂಬುವುದು ಅದೇ ಪಾಲಿಮರೇಸ್ 1, ತುಂಡುಗಳನ್ನು ಬೆಸೆಯುವುದು ಲೈಗೇಸ್ ಕಿಣ್ವ. ಎಳೆ ಬಿಚ್ಚಿದಂತೆ ಮುಂದೆ ಬಿಗಿಯುವ ಸುರುಳಿಯನ್ನು ಗೈರೇಸ್ ಎಂಬ ಕಿಣ್ವ ಸಡಿಲಿಸುತ್ತದೆ. ಸಿಪ್ರೊಫ್ಲಾಕ್ಸಸಿನ್ ಎಂಬ ಆ್ಯಂಟಿಬಯೋಟಿಕ್ ಮಾತ್ರೆ ಬ್ಯಾಕ್ಟೀರಿಯಾಕ್ಕೆ ಏಟು ಕೊಡುವುದು ಇಲ್ಲೇ.

ಲ್ಯಾಬಿನಲ್ಲಿ ಡಿಎನ್‌ಎ ತುಣುಕನ್ನು ಮತ್ತೆ ಮತ್ತೆ ನಕಲಿಸುವ ವಿಧಾನವಾದ ಪಿಸಿಆರ್‌ನಲ್ಲಿ ಹೆಲಿಕೇಸ್ ಕೆಲಸವನ್ನು 95 ಡಿಗ್ರಿ ಶಾಖ ಮಾಡುತ್ತದೆ, ಪ್ರೈಮರ್ ನಾವೇ ಹಾಕುತ್ತೇವೆ. ಬಿಸಿನೀರಿನ ಬುಗ್ಗೆಯ ಬ್ಯಾಕ್ಟೀರಿಯಾದಿಂದ ಬಂದ ಟ್ಯಾಕ್ ಪಾಲಿಮರೇಸ್ 72 ಡಿಗ್ರಿಯಲ್ಲಿ ನಕಲಿಸುತ್ತದೆ, ಆದರೆ ಬರೆದದ್ದನ್ನು ತಿದ್ದುವ ಗುಣ ಅದಕ್ಕಿಲ್ಲ. ದಾವಣಗೆರೆಯ ಲ್ಯಾಬಿನಲ್ಲಿ ಚನ್ನಗಿರಿ ತೋಟದ ಅಡಿಕೆ ಎಲೆ ಪರೀಕ್ಷಿಸುವವರಿಗೆ ಇನ್ನೊಂದು ತೊಡಕು: ಎಲೆಯಲ್ಲಿರುವ ಪಾಲಿಫಿನಾಲ್ ಎಂಬ ರಾಸಾಯನಿಕಗಳು ಕಿಣ್ವಕ್ಕೆ ಅಂಟಿಕೊಂಡು ಅದನ್ನು ಕಟ್ಟಿಹಾಕುತ್ತವೆ. ಅದಕ್ಕೇ ಎಲೆ ಅರೆಯುವ ದ್ರಾವಣಕ್ಕೆ (ಬಫರ್) ಪಾಲಿಫಿನಾಲ್ ಹಿಡಿದಿಡುವ ಪಿವಿಪಿ ಸೇರಿಸುವುದು. ಆದರೂ ನಕಲಾದ ಡಿಎನ್‌ಎ ತೋರಿಸುವ ಜೆಲ್‌ನಲ್ಲಿ ಗೆರೆ ಮೂಡದಿದ್ದರೆ, ಇನ್ನಷ್ಟು ಟ್ಯಾಕ್ ಸುರಿಯುವ ಮೊದಲು ಡಿಎನ್‌ಎಯನ್ನು ಹತ್ತು ಪಟ್ಟು ತೆಳುಮಾಡಿ ಓಡಿಸಬೇಕು. ಆಗ ಗೆರೆ ಬಂದರೆ ಅಡ್ಡಿಯಾಗಿದ್ದದ್ದು ಎಲೆಯ ಕಶ್ಮಲ.